ಹುಲಿ ಕೊಂದ ಬಾಘಾ ಜತಿನ್ ಮತ್ತು ನಂಬರ್ ಬಿದ್ದ 50 ಜರ್ಮನ್ ಪಿಸ್ತೂಲುಗಳು

ನಾಗ್ಪುರದಿಂದ ಹೌರಾಕ್ಕೆ ಹೋಗುವ ರೈಲುಗಳು ಬಿಲಾಸ್‌ಪುರ, ರೂರ್ಕೆಲಾ ದಾಟಿ ಚಕ್ರಧರಪುರದ ಮೂಲಕ ಸಾಗುತ್ತವೆ. 1915ರಲ್ಲಿ ಈ ಹಳಿ ಬೆಂಗಾಲ್ ನಾಗ್ಪುರ ರೈಲ್ವೆ ಕಂಪನಿಯದ್ದು. ಬಾಂಬೆ ಕಡೆಯಿಂದ ಕಲ್ಕತ್ತಾಗೆ ಬ್ರಿಟಿಷ್ ಸೈನ್ಯ ಬರಬೇಕೆಂದರೆ ಇದ್ದ ಮುಖ್ಯ ದಾರಿಗಳಲ್ಲಿ ಇದೂ ಒಂದು. ಆ ವರ್ಷ ಭೋಲಾನಾಥ್ ಚಟರ್ಜಿ ಎಂಬ ಕ್ರಾಂತಿಕಾರಿಯನ್ನು ಚಕ್ರಧರಪುರಕ್ಕೆ ಕಳಿಸಲಾಗಿತ್ತು. ಸೂಚನೆ ಬಂದ ದಿನ ಈ ಮಾರ್ಗವನ್ನು ತುಂಡರಿಸುವುದು ಆತನ ಹೊಣೆ. ಇನ್ನೊಬ್ಬ ಈಸ್ಟ್ ಇಂಡಿಯನ್ ರೈಲ್ವೆಯ ಅಜಯ್ ನದಿ ಸೇತುವೆ ಉಡಾಯಿಸಬೇಕಿತ್ತು. ಮದ್ರಾಸ್ ಕಡೆಯ ರೈಲು ಹಳಿಯನ್ನು ಒಡಿಶಾದ ಬಾಲೇಶ್ವರದಲ್ಲಿ ಕೂತು ನೋಡಿಕೊಳ್ಳುವ ಕೆಲಸವನ್ನು ತಂಡದ ನಾಯಕರೇ ಇಟ್ಟುಕೊಂಡಿದ್ದರು. ಅವರ ಹೆಸರು ಜತೀಂದ್ರನಾಥ್ ಮುಖರ್ಜಿ. ಬಂಗಾಳದ ಜನರ ಬಾಯಲ್ಲಿ ಬಾಘಾ ಜತಿನ್.

ಮೂರೂ ದಾರಿ ಮುಚ್ಚಿದರೆ ಹೊರಗಿನ ಸೈನ್ಯ ಬರುವಷ್ಟರಲ್ಲಿ ಬಂಗಾಳ ಕೈಗೆ ಸಿಗುತ್ತದೆ ಎಂಬುದು ಲೆಕ್ಕಾಚಾರ. ಇದಕ್ಕಾಗಿ ಅವರು ಕಾಯುತ್ತಿದ್ದುದು ಜರ್ಮನಿ ಕಳಿಸುವ 30 ಸಾವಿರ ರೈಫಲ್‌ಗಳಿಗೆ. ಕೈಯಲ್ಲಿದ್ದದ್ದು ಮಾತ್ರ ಒಂದಷ್ಟು ಜರ್ಮನ್ ಪಿಸ್ತೂಲು.

ಆ ಪಿಸ್ತೂಲಿನ ಹೆಸರು ಮೌಸರ್. ನಮ್ಮಲ್ಲಿ ಹಳೆಯ ಮನೆ ಕೆಡವುವಾಗಲೋ ಅಜ್ಜನ ಟ್ರಂಕು ತೆರೆದಾಗಲೋ ಯುದ್ಧಕಾಲದ ಜರ್ಮನ್ ಪಿಸ್ತೂಲು ಕಂಡರೆ ಮೊದಲು ಬರುವ ಪ್ರಶ್ನೆ, ಇದು ಅಸಲಿಯೇ, ಎಷ್ಟು ಬೆಲೆ ಬಾಳುತ್ತದೆ ಎಂಬುದು. ಈ ಪ್ರಶ್ನೆಗೆ ಉತ್ತರ ಇರುವುದು ಪಿಸ್ತೂಲಿನ ಮೇಲೆ ಒತ್ತಿದ ಒಂದು ನಂಬರಿನಲ್ಲಿ. ಆ ನಂಬರಿಗೆ ಎಷ್ಟು ಬೆಲೆ ಎಂದು ಅರಿಯಲು ಜತಿನ್ ಬದುಕಿಗಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ಸ್ಟೆನೋಗ್ರಾಫರ್ ಕ್ರಾಂತಿಕಾರಿ

ಜತಿನ್ ಹುಟ್ಟಿದ್ದು 1879ರ ಡಿಸೆಂಬರ್‌ನಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕುಷ್ಟಿಯಾ ಬಳಿಯ ಕಯಾ ಗ್ರಾಮದ ಅಜ್ಜಿಮನೆಯಲ್ಲಿ. ಐದು ವರ್ಷದವರಿದ್ದಾಗಲೇ ತಂದೆ ಉಮೇಶಚಂದ್ರ ತೀರಿಕೊಂಡರು. ತಾಯಿ ಶರತ್‌ಶಶಿ, ಅಕ್ಕ ವಿನೋದಬಾಲಾ ಜೊತೆ ಬೆಳೆದದ್ದೆಲ್ಲ ಸೋದರಮಾವಂದಿರ ಆಸರೆಯಲ್ಲಿ. ಕೃಷ್ಣನಗರದಲ್ಲಿ ಶಾಲೆ, ಕಲ್ಕತ್ತಾದಲ್ಲಿ ಕಾಲೇಜು. ಓದು ಅರ್ಧಕ್ಕೆ ಬಿಟ್ಟು ಶೀಘ್ರಲಿಪಿ ಮತ್ತು ಟೈಪಿಂಗ್ ಕಲಿತರು. ಆಗಿನ ಕಾಲಕ್ಕೆ ಅದು ಕೈತುಂಬ ಸಂಬಳ ತರುವ ವಿದ್ಯೆ. ಮುಜಫ್ಫರ್‌ಪುರದಲ್ಲಿ ಪ್ರಿಂಗಲ್ ಕೆನಡಿ ಎಂಬ ಬ್ಯಾರಿಸ್ಟರ್ ಬಳಿ ಸ್ವಲ್ಪ ಕಾಲ ಕೆಲಸ ಮಾಡಿ, ಆಮೇಲೆ ಬಂಗಾಳ ಸರ್ಕಾರದ ಹಣಕಾಸು ಕಾರ್ಯದರ್ಶಿ ಹೆನ್ರಿ ವೀಲರ್ ಅವರ ಸ್ಟೆನೋಗ್ರಾಫರ್ ಆದರು. 1900ರಲ್ಲಿ ಇಂದುಬಾಲಾ ಜೊತೆ ಮದುವೆ.

ಹಗಲು ಸರ್ಕಾರದ ಟಿಪ್ಪಣಿ ಬರೆದುಕೊಳ್ಳುವ ಕೈ, ಸಂಜೆ ಅದೇ ಸರ್ಕಾರದ ವಿರುದ್ಧ ಗುಪ್ತ ತಂಡ ಕಟ್ಟುತ್ತಿತ್ತು. ಇದು ಹಲವು ವರ್ಷ ನಡೆಯಿತು ಎಂಬುದೇ ಅಚ್ಚರಿ.

1906ರಲ್ಲಿ ಊರ ಬಳಿ ಹಾವಳಿ ಕೊಡುತ್ತಿದ್ದ ಹುಲಿಯೊಂದು ಮೈಮೇಲೆ ಎರಗಿದಾಗ ಜತಿನ್ ಬರೀ ಕತ್ತಿಯಿಂದ ಅದನ್ನು ಕೊಂದರು. ಹುಲಿಯಲ್ಲ, ಚಿರತೆ ಅನ್ನುವವರೂ ಇದ್ದಾರೆ. ಬಂಗಾಳಿಯ ಬಾಘ್ ಎಂಬ ಪದ ಎರಡಕ್ಕೂ ಸಲ್ಲುತ್ತದೆ, ಹಾಗಾಗಿ ಜಗಳ ಬೇಡ. ಗಾಯ ಮಾತ್ರ ಸಣ್ಣದಾಗಿರಲಿಲ್ಲ. ಕಲ್ಕತ್ತಾದ ಹೆಸರಾಂತ ಸರ್ಜನ್ ಸುರೇಶ್ ಪ್ರಸಾದ್ ಸರ್ವಾಧಿಕಾರಿ ಚಿಕಿತ್ಸೆ ಕೊಟ್ಟು ಉಳಿಸಿದರು. ಬಾಘಾ ಎಂಬ ಅಡ್ಡಹೆಸರು ಅಲ್ಲಿಂದ ಅಂಟಿಕೊಂಡಿತು.

1908ರಲ್ಲಿ ಸಿಲಿಗುರಿ ರೈಲು ನಿಲ್ದಾಣದಲ್ಲಿ ಇಂಗ್ಲಿಷ್ ಸೇನಾಧಿಕಾರಿಗಳ ಜೊತೆ ಕೈಕೈ ಮಿಲಾಯಿಸಿ ಅವರನ್ನು ಮಲಗಿಸಿದರು. ಕೇಸು ಬಿತ್ತು. ಒಬ್ಬ ಬಂಗಾಳಿ ಗುಮಾಸ್ತನಿಂದ ಸೇನಾಧಿಕಾರಿಗಳು ಪೆಟ್ಟು ತಿಂದ ಸುದ್ದಿ ಕೋರ್ಟಿನಲ್ಲಿ ಹರಡುವುದು ಸರ್ಕಾರಕ್ಕೆ ಬೇಕಿರಲಿಲ್ಲ. ಕೇಸು ಹಿಂದಕ್ಕೆ ಹೋಯಿತು.

1910ರ ಜನವರಿ 24ರಂದು ಕಲ್ಕತ್ತಾ ಹೈಕೋರ್ಟ್ ಆವರಣದಲ್ಲೇ ಸಿಐಡಿ ಅಧಿಕಾರಿ ಶಂಸುಲ್ ಆಲಂ ಹತ್ಯೆಯಾಯಿತು. ಗುಂಡು ಹೊಡೆದವನು ಬೀರೇನ್ ದತ್ತಗುಪ್ತ ಎಂಬ ಹುಡುಗ. ಮೂರು ದಿನದಲ್ಲಿ ಜತಿನ್ ಬಂಧನ. ಹೌರಾ ಪಿತೂರಿ ಪ್ರಕರಣದಲ್ಲಿ ಒಂದು ವರ್ಷ ಜೈಲಿನಲ್ಲಿಟ್ಟರೂ ಆರೋಪ ನಿಲ್ಲಲಿಲ್ಲ. 1911ರಲ್ಲಿ ಹೊರಬಂದರು. ಸರ್ಕಾರಿ ನೌಕರಿ ಹೋಗಿತ್ತು. ಜೆಸ್ಸೋರ್-ಝಿನೈದಾ ರೈಲು ಮಾರ್ಗದ ಗುತ್ತಿಗೆ ಕೆಲಸ ಹಿಡಿದರು. ಗುತ್ತಿಗೆದಾರ ಊರೂರು ಸುತ್ತಿದರೆ ಯಾರೂ ಅನುಮಾನ ಪಡುವುದಿಲ್ಲ. ಚದುರಿಹೋಗಿದ್ದ ಗುಂಪುಗಳು ಈ ಓಡಾಟದಲ್ಲೇ ಮತ್ತೆ ಒಂದಾದವು.

ಬಾರದ ಹತ್ತು ಪೆಟ್ಟಿಗೆ

1914ರ ಆಗಸ್ಟ್. ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮೂರು ವಾರ. ಕಲ್ಕತ್ತಾದಲ್ಲಿ ರೋಡಾ ಅಂಡ್ ಕಂಪನಿ ಎಂಬ ಬ್ರಿಟಿಷ್ ಬಂದೂಕು ವ್ಯಾಪಾರದ ಸಂಸ್ಥೆ ಇತ್ತು. ಅದರ ಹೆಸರಿಗೆ 202 ಪೆಟ್ಟಿಗೆ ಸರಕು ಬಂದರಿಗೆ ಬಂದಿತ್ತು. ಆಗಸ್ಟ್ 26ರಂದು ಸರಕು ಬಿಡಿಸಿಕೊಳ್ಳಲು ಹೋದವನು ಕಂಪನಿಯ ಗುಮಾಸ್ತ ಶ್ರೀಶ್ ಚಂದ್ರ ಮಿತ್ರ, ಗೆಳೆಯರಿಗೆ ಹಾಬು. ವ್ಯಾನ್‌ಸಿಟಾರ್ಟ್ ರೋದಲ್ಲಿದ್ದ ಗೋದಾಮಿಗೆ 192 ಪೆಟ್ಟಿಗೆ ತಲುಪಿಸಿದ. ಉಳಿದ ಹತ್ತು ತರುತ್ತೇನೆಂದು ಹೋದವನು ವಾಪಸು ಬರಲೇ ಇಲ್ಲ. ಕ್ರಾಂತಿಕಾರಿಯೊಬ್ಬ ಗಾಡಿಯವನ ವೇಷದಲ್ಲಿ ಹೊಡೆಯುತ್ತಿದ್ದ ಎತ್ತಿನ ಗಾಡಿ ಆ ಪೆಟ್ಟಿಗೆಗಳನ್ನು ಹೊತ್ತು ಬೇರೆ ಬೀದಿಗೆ ತಿರುಗಿತ್ತು. ಕಂಪನಿ ಪೊಲೀಸರಿಗೆ ದೂರು ಕೊಟ್ಟದ್ದು ಮೂರು ದಿನದ ಮೇಲೆ!

ಹತ್ತು ಪೆಟ್ಟಿಗೆಯಲ್ಲಿ ಇದ್ದದ್ದು 50 ಮೌಸರ್ ಪಿಸ್ತೂಲು, 46 ಸಾವಿರ ಗುಂಡು.

ದರೋಡೆ ಯೋಜಿಸಿದ್ದು ಬಿಪಿನ್ ಬಿಹಾರಿ ಗಂಗೂಲಿ ಮತ್ತವರ ಗೆಳೆಯರ ಬಳಗ. ಜತಿನ್ ಸ್ಥಳದಲ್ಲಿರಲಿಲ್ಲ. ಆದರೆ 44 ಪಿಸ್ತೂಲುಗಳು ಬೇಗನೆ ಬಂಗಾಳದ ಒಂಬತ್ತು ಗುಂಪುಗಳಿಗೆ ಹಂಚಿಹೋದವು, ಜತಿನ್ ತಂಡಕ್ಕೂ ಬಂದವು. ಅಲ್ಲಿಯವರೆಗೆ ಕ್ರಾಂತಿಕಾರಿಗಳ ಬಳಿ ಇದ್ದದ್ದು ಕದ್ದ ರಿವಾಲ್ವರ್ ಮತ್ತು ಮನೆಯಲ್ಲೇ ಮಾಡಿದ ಬಾಂಬು.

ಮೌಸರ್ ಸಿ-96 ಬೇರೆಯೇ ಮಾಲು. ಜರ್ಮನಿಯ ನೆಕ್ಕರ್ ನದಿ ದಡದ ಓಬರ್ನ್‌ಡಾರ್ಫ್ ಕಾರ್ಖಾನೆಯಲ್ಲಿ 1896ರಿಂದ ತಯಾರಾಗುತ್ತಿದ್ದ ಪಿಸ್ತೂಲು ಇದು. ತೂಕ ಒಂದು ಕಿಲೋಗಿಂತ ಹೆಚ್ಚು. ಹಿಡಿ ಪೊರಕೆಯ ಹಿಡಿಯಂತೆ ದುಂಡಗೆ, ಗುಂಡು ತುಂಬುವ ಚೌಕ ಪೆಟ್ಟಿಗೆ ಟ್ರಿಗರ್‌ಗೆ ಮುಂದೆ. ಮೇಲಿನಿಂದ ಕ್ಲಿಪ್ ಒತ್ತಿದರೆ ಒಂದೇ ಸಲಕ್ಕೆ ಹತ್ತು ಗುಂಡು ಒಳಗೆ. ಅದನ್ನು ಇಡುವ ಮರದ ಪೆಟ್ಟಿಗೆಯನ್ನೇ ಹಿಡಿಗೆ ಸಿಕ್ಕಿಸಿ ಹೆಗಲಿಗೆ ಆನಿಸಿದರೆ ಸಣ್ಣ ರೈಫಲ್ ಆಗುತ್ತದೆ. ವಿನ್‌ಸ್ಟನ್ ಚರ್ಚಿಲ್ ತರುಣ ಸೇನಾಧಿಕಾರಿಯಾಗಿ 1898ರ ಸುಡಾನ್ ಯುದ್ಧಕ್ಕೆ ಒಯ್ದದ್ದು ಇದೇ ಮಾದರಿಯನ್ನು.

ನಂಬರ್ ಹೇಳುವ ಕಥೆ

ಈಗ ಗುರುತು ಹಿಡಿಯುವ ವಿಷಯಕ್ಕೆ ಬರೋಣ. ಸಿ-96 ಸುಮಾರು ನಲವತ್ತು ವರ್ಷ ತಯಾರಾಯಿತು, ಒಟ್ಟು ಲೆಕ್ಕ ಹತ್ತು ಲಕ್ಷದ ಆಸುಪಾಸು. ಸ್ಪೇನ್ ಮತ್ತು ಚೀನಾದಲ್ಲಿ ಅದೇ ರೂಪದ ನಕಲುಗಳೂ ಬಂದವು. ಹಾಗಾಗಿ ಆಕಾರ ನೋಡಿ ಖುಷಿಪಟ್ಟರೆ ಸಾಲದು. ಅಸಲಿಯ ಮೇಲೆ ಮೌಸರ್ ಕಾರ್ಖಾನೆಯ ಹೆಸರು, ಓಬರ್ನ್‌ಡಾರ್ಫ್ ಊರಿನ ಹೆಸರು ಇರುತ್ತದೆ. ಮುಖ್ಯ ಭಾಗಗಳ ಮೇಲೆ ಕ್ರಮಸಂಖ್ಯೆ, ಸಣ್ಣ ಭಾಗಗಳ ಮೇಲೆ ಅದೇ ಸಂಖ್ಯೆಯ ಕೊನೆಯ ಅಂಕಿಗಳು. ಎಲ್ಲವೂ ತಾಳೆಯಾದರೆ ಬೆಲೆ ಒಂದು, ಬೇರೆ ಬೇರೆ ಪಿಸ್ತೂಲಿನ ಭಾಗ ಸೇರಿಸಿದ್ದಾದರೆ ಬೆಲೆ ಇನ್ನೊಂದು. ಮರದ ಪೆಟ್ಟಿಗೆಯೂ ಅದೇ ನಂಬರಿನದ್ದಾದರೆ ಸಂಗ್ರಹಕಾರರು ಕಣ್ಣರಳಿಸುತ್ತಾರೆ. ಹಿಡಿಯ ಮೇಲೆ ಕೆಂಪು ಬಣ್ಣದ 9 ಕೊರೆದಿದ್ದರೆ ಅದು ಮಹಾಯುದ್ಧದ ನಡುವೆ ಜರ್ಮನ್ ಸೈನ್ಯಕ್ಕಾಗಿ 9 ಎಂಎಂ ಗುಂಡಿಗೆ ಮಾಡಿದ್ದು. ರೋಡಾ ಪಿಸ್ತೂಲುಗಳು ಆ ಬಗೆಯವಲ್ಲ, ಯುದ್ಧಕ್ಕೆ ಮುಂಚೆ ಮಾರಾಟಕ್ಕೆಂದೇ ಮಾಡಿದ .30 ಬೋರಿನವು.

ಅಮೆರಿಕದ ಹರಾಜುಗಳಲ್ಲಿ ಸಾಧಾರಣ ಸ್ಥಿತಿಯ ಸಿ-96 ಒಂದೆರಡು ಸಾವಿರ ಡಾಲರ್‌ಗೆ ಹೋದರೆ, ಅಪರೂಪದ್ದು ಅದರ ಹಲವು ಪಟ್ಟು ತರುತ್ತದೆ. ತುಕ್ಕು ಉಜ್ಜಿ ಹೊಸದಾಗಿ ಪಾಲಿಶ್ ಹಾಕಿಸಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಅಕ್ಷರ, ಅಂಕಿ ಸವೆದುಹೋದರೆ ಗುರುತೇ ಹೋದಂತೆ. ಯಾರ ಕೈಯಲ್ಲಿತ್ತು ಎಂಬುದಕ್ಕೆ ದಾಖಲೆ ಇದ್ದರೆ ಲೆಕ್ಕವೇ ಬದಲು.

ಆದರೆ ಭಾರತದಲ್ಲಿ ಡಾಲರ್ ಲೆಕ್ಕ ಹಾಕುವ ಮುಂಚೆ ಕಾನೂನು ನೋಡಬೇಕು. ನಾಗ್ಪುರವಿರಲಿ, ಹುಬ್ಬಳ್ಳಿಯಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಎಲ್ಲೆಡೆ ಒಂದೇ. ಗುಂಡು ಹಾರಿಸಬಲ್ಲ ಪಿಸ್ತೂಲು ಅಜ್ಜನ ಕಾಲದ್ದು ಎಂಬ ಮಾತ್ರಕ್ಕೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 9 ಎಂಎಂ ಆಗಿದ್ದರೆ ಅದು ಜನಸಾಮಾನ್ಯರಿಗೆ ನಿಷಿದ್ಧ ಬೋರ್. ಸಿಕ್ಕ ಕೂಡಲೇ ಠಾಣೆಗೆ ತಿಳಿಸುವುದೇ ಸರಿಯಾದ ದಾರಿ. ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿ ಬಳಿಯೋ ಒಪ್ಪಿಸಲು ಕಾಯ್ದೆಯ 21ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬರಬಹುದು, ಆಗ ವಿದೇಶದ ಹರಾಜಿಗೆ ಕಳಿಸುವ ಮಾತೇ ಇಲ್ಲ. ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಬೆಲೆ ಕೇಳುವುದು, ಪುಕ್ಕಟೆ ಕೇಸು ಮೈಮೇಲೆ ಎಳೆದುಕೊಳ್ಳುವ ಕೆಲಸ.

ನಂಬರಿನ ಇನ್ನೊಂದು ಮುಖ ಬ್ರಿಟಿಷ್ ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು. ಕಳವಾದ 50 ಪಿಸ್ತೂಲಿನ ಕ್ರಮಸಂಖ್ಯೆಗಳೂ ರೋಡಾ ಕಂಪನಿಯ ಪುಸ್ತಕದಲ್ಲಿದ್ದವು. ಎಲ್ಲೇ ಮೌಸರ್ ಸಿಕ್ಕಲಿ, ಪಟ್ಟಿ ಹಿಡಿದು ನೋಡಿದರೆ ಸಾಕು, ಅದು ಆ ಹತ್ತು ಪೆಟ್ಟಿಗೆಯದ್ದೇ ಎಂದು ತಿಳಿಯುತ್ತಿತ್ತು. ದೂರದೂರದ ಎರಡು ಊರಿನ ಎರಡು ಪ್ರಕರಣಗಳಿಗೆ ನಂಟು ಬೆಸೆಯಲು ಬೇರೆ ಸಾಕ್ಷಿ ಬೇಕಿರಲಿಲ್ಲ. 1918ರಲ್ಲಿ ವರದಿ ಕೊಟ್ಟ ರೌಲಟ್ ಸಮಿತಿ ಈ ಪಿಸ್ತೂಲುಗಳು 54 ದರೋಡೆ, ಕೊಲೆ ಅಥವಾ ಅದರ ಯತ್ನಗಳಲ್ಲಿ ಬಳಕೆಯಾದವು ಎಂದು ಲೆಕ್ಕ ಹಾಕಿತು. ಮರುವರ್ಷ ದೇಶವನ್ನೇ ಬೀದಿಗಿಳಿಸಿದ ರೌಲಟ್ ಕಾಯ್ದೆಗೆ ಆಧಾರವಾದದ್ದು ಇದೇ ವರದಿ.

ಟ್ಯಾಕ್ಸಿ, ಹಡಗು ಮತ್ತು ಒಂದು ಅಂಗಡಿ

1915ರ ಫೆಬ್ರವರಿಯಲ್ಲಿ ಜತಿನ್ ತಂಡಕ್ಕೆ ಹಣ ಬೇಕಿತ್ತು. 12ರಂದು ಗಾರ್ಡನ್ ರೀಚ್‌ನಲ್ಲಿ ಟ್ಯಾಕ್ಸಿಯಲ್ಲಿ ಬಂದ ಯುವಕರು ಬರ್ಡ್ ಅಂಡ್ ಕಂಪನಿಯ 18 ಸಾವಿರ ರೂಪಾಯಿ ದೋಚಿದರು. ಹತ್ತು ದಿನದಲ್ಲಿ ಬೇಲಿಯಾಘಾಟದಲ್ಲಿ ಮತ್ತೊಂದು. ಎರಡೂ ಸೇರಿ ಸುಮಾರು 40 ಸಾವಿರ. ಎರಡು ದಿನದ ಬಳಿಕ ಪಾಥುರಿಯಾಘಾಟದಲ್ಲಿ ಅವರು ಅಡಗಿದ್ದ ಮನೆಗೆ ನೀರೋದ್ ಹಾಲ್ದಾರ್ ಎಂಬಾತ ಬಂದು ಜತಿನ್ ಗುರುತು ಹಿಡಿದ. ಗುಂಡು ಹಾರಿತು. ಸಾಯುವ ಮುನ್ನ ಆತ ಪೊಲೀಸರಿಗೆ ಜತಿನ್ ಹೆಸರು ಹೇಳಿದ. ಆ ತಿಂಗಳ ಕೊನೆಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಸುರೇಶ್ ಮುಖರ್ಜಿಯೂ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಮೌಸರ್ ಕಾಲದ ಬಂಗಾಳದಲ್ಲಿ ಹೀಗೆ ಸತ್ತವರಲ್ಲಿ ಅನೇಕರು ಭಾರತೀಯರೇ. ಜತಿನ್ ಕಥೆ ಹೇಳುವಾಗ ಸಿನಿಮಾಗಳು ಈ ಭಾಗವನ್ನು ಬೇಗ ದಾಟಿಸಿಬಿಡುತ್ತವೆ, ದಾಟಿಸಬಾರದು.

ಕಲ್ಕತ್ತಾದಲ್ಲಿ ಇನ್ನು ಉಳಿಗಾಲವಿರಲಿಲ್ಲ. ಜತಿನ್ ಒಡಿಶಾದ ಬಾಲೇಶ್ವರ ಕಡೆಗೆ ಸರಿದು, ಮಯೂರ್‌ಭಂಜ್ ಸಂಸ್ಥಾನದ ಕಪ್ತಿಪದದ ಕಾಡಂಚಿನಲ್ಲಿ ನೆಲೆಸಿದರು. ಬಾಲೇಶ್ವರ ಪೇಟೆಯಲ್ಲಿ ಯೂನಿವರ್ಸಲ್ ಎಂಪೋರಿಯಂ ಎಂಬ ಅಂಗಡಿ ತೆರೆಯಿತು. ಅದು ಕಲ್ಕತ್ತಾದ ಹ್ಯಾರಿ ಅಂಡ್ ಸನ್ಸ್ ಎಂಬ ಇನ್ನೊಂದು ಸುಳ್ಳು ವ್ಯಾಪಾರದ ಶಾಖೆ. ಪತ್ರ, ಹಣ, ಸುದ್ದಿ ಎಲ್ಲ ಈ ಅಂಗಡಿಗಳ ಮೂಲಕ.

ಅತ್ತ ಏಪ್ರಿಲ್‌ನಲ್ಲಿ ನರೇಂದ್ರನಾಥ್ ಭಟ್ಟಾಚಾರ್ಯ ಮಾರ್ಟಿನ್ ಎಂಬ ಹೆಸರಿನಲ್ಲಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಗೆ ಹೊರಟರು. ಮುಂದೆ ಎಂ.ಎನ್. ರಾಯ್ ಎಂದು ಜಗತ್ತಿಗೆ ಗೊತ್ತಾದವರು ಇವರೇ. ಅಲ್ಲಿನ ಜರ್ಮನ್ ಪ್ರತಿನಿಧಿಗಳು ಮಾವೆರಿಕ್ ಎಂಬ ಹಡಗಿನಲ್ಲಿ 30 ಸಾವಿರ ರೈಫಲ್, ಪ್ರತಿ ರೈಫಲ್‌ಗೆ 400 ಗುಂಡು, 2 ಲಕ್ಷ ರೂಪಾಯಿ ಬರುತ್ತದೆ ಎಂದರು. ಸುಂದರಬನದ ರಾಯಮಂಗಲದಲ್ಲಿ ಇಳಿಸುವುದು ತೀರ್ಮಾನವಾಯಿತು. ಭೋಲಾನಾಥ್ ಚಟರ್ಜಿ ಚಕ್ರಧರಪುರಕ್ಕೆ ನಿಯೋಜನೆಯಾದದ್ದು ಈ ಯೋಜನೆಯ ಭಾಗವಾಗಿ.

ಹಡಗು ಬರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಖಾಲಿ ಹೊರಟ ಮಾವೆರಿಕ್, ಮೆಕ್ಸಿಕೋ ಸಮೀಪದ ಸೊಕೋರೊ ದ್ವೀಪದ ಬಳಿ ಆನಿ ಲಾರ್ಸೆನ್ ಎಂಬ ಹಾಯಿಹಡಗಿನಿಂದ ಬಂದೂಕು ತುಂಬಿಕೊಳ್ಳಬೇಕಿತ್ತು. ಎರಡೂ ಭೇಟಿಯಾಗಲೇ ಇಲ್ಲ. ಜೂನ್ ಕೊನೆಯಲ್ಲಿ ಅಮೆರಿಕದ ಅಧಿಕಾರಿಗಳು ಆನಿ ಲಾರ್ಸೆನ್ ಅನ್ನು ಸರಕು ಸಮೇತ ವಶಪಡಿಸಿಕೊಂಡರು. ಅದರಲ್ಲಿದ್ದ ರೈಫಲ್‌ಗಳು ಬಹುಪಾಲು ಅಮೆರಿಕದಲ್ಲೇ ಕೊಂಡ ಹಳೆಯ ಸ್ಪ್ರಿಂಗ್‌ಫೀಲ್ಡ್‌ಗಳು. ಅಂದರೆ ಜರ್ಮನ್ ಸಂಚು ಎಂದು ಹೆಸರಾದ ಈ ಇಡೀ ಪ್ರಕರಣದಲ್ಲಿ ಜತಿನ್ ಕೈಗೆ ಬಂದ ಜರ್ಮನ್ ಆಯುಧ, ಬ್ರಿಟಿಷ್ ಅಂಗಡಿಯೊಂದು ವ್ಯಾಪಾರಕ್ಕೆ ತರಿಸಿ ಕಳೆದುಕೊಂಡ ಮೌಸರ್ ಮಾತ್ರ!

ಚಷಾಖಂಡದ ಹೊಂಡ

ಆಗಸ್ಟ್ 7ರಂದು ಪೊಲೀಸರು ಹ್ಯಾರಿ ಅಂಡ್ ಸನ್ಸ್ ಮೇಲೆ ದಾಳಿ ಮಾಡಿದರು. ಅಲ್ಲಿನ ಸುಳಿವು ಹಿಡಿದು ಸೆಪ್ಟೆಂಬರ್ 4ರಂದು ಬಾಲೇಶ್ವರದ ಅಂಗಡಿಯನ್ನೂ ಶೋಧಿಸಿದರು. ಕಲ್ಕತ್ತಾದಿಂದ ಬಂದ ತಂಡದಲ್ಲಿ ಚಾರ್ಲ್ಸ್ ಟೆಗಾರ್ಟ್ ಇದ್ದರು. ಕಪ್ತಿಪದದಲ್ಲಿ ಸುದ್ದಿ ತಿಳಿದಾಗ ಜತಿನ್ ಒಬ್ಬರೇ ಕಾಡು ಸೇರಬಹುದಿತ್ತು. ಆದರೆ ಇಬ್ಬರು ಜೊತೆಗಾರರು ಬೇರೆ ಕಡೆ ತಂಗಿದ್ದರು. ಅವರನ್ನು ಕರೆದುಕೊಂಡು ಹೊರಡುವಷ್ಟರಲ್ಲಿ ಬೆಲೆಬಾಳುವ ಸಮಯ ಹೋಯಿತು.

ಐವರು: ಜತಿನ್, ಚಿತ್ತಪ್ರಿಯ ರಾಯ್‌ಚೌಧುರಿ, ಮನೋರಂಜನ್ ಸೇನ್‌ಗುಪ್ತ, ನೀರೇನ್ ದಾಸ್‌ಗುಪ್ತ, ಜ್ಯೋತಿಷ್ ಪಾಲ್. ಮಳೆಗಾಲ, ಉಕ್ಕಿದ ನದಿ, ಹೊಟ್ಟೆಗಿಲ್ಲ. ಡಕಾಯಿತರು ಬಂದಿದ್ದಾರೆ, ಹಿಡಿದುಕೊಟ್ಟವರಿಗೆ ಇನಾಮು ಎಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿತ್ತು. ಸೆಪ್ಟೆಂಬರ್ 9ರಂದು ಬುಢಾಬಲಂಗ ನದಿ ಕಡೆ ಹೋಗುತ್ತಿದ್ದ ಐವರನ್ನು ಹಳ್ಳಿಗರು ಬೆನ್ನಟ್ಟಿದರು. ಗುಂಡಿಗೆ ಒಬ್ಬ ಹಳ್ಳಿಗ ಸತ್ತ. ಯಾರ ಬಿಡುಗಡೆಗೆಂದು ಆಯುಧ ಹಿಡಿದಿದ್ದರೋ ಅವರಲ್ಲೇ ಒಬ್ಬ. ಈ ಕಥೆಯಲ್ಲಿ ಇದಕ್ಕಿಂತ ಕಹಿಯಾದ ಕ್ಷಣ ಇಲ್ಲ.

ಚಷಾಖಂಡ ಎಂಬಲ್ಲಿ ಗದ್ದೆಗಳ ನಡುವಿನ ಹೊಂಡದ ಏರಿಯನ್ನು ಮರೆಮಾಡಿಕೊಂಡು ಐವರೂ ನಿಂತರು. ಎದುರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕಿಲ್ಬಿ ನೇತೃತ್ವದ ಪಡೆ, ರೈಫಲ್‌ಗಳು. ಇತ್ತ ಮೌಸರ್. ಕಾಳಗ ಒಂದು ಗಂಟೆಗೂ ಹೆಚ್ಚು ನಡೆಯಿತು ಎಂಬುದು ಬಂಗಾಳ, ಒಡಿಶಾದ ಜನ ಇಂದಿಗೂ ಹೇಳುವ ಲೆಕ್ಕ. ಚಿತ್ತಪ್ರಿಯ ಅಲ್ಲೇ ಸತ್ತರು. ಜತಿನ್‌ಗೆ ಹೊಟ್ಟೆಗೆ ಗುಂಡು ಬಿದ್ದಿತ್ತು. ಮರುದಿನ, 1915ರ ಸೆಪ್ಟೆಂಬರ್ 10ರಂದು ಬಾಲೇಶ್ವರದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ವಯಸ್ಸು 35. ಮನೋರಂಜನ್ ಮತ್ತು ನೀರೇನ್ ಅವರಿಗೆ ಗಲ್ಲು. ಜ್ಯೋತಿಷ್ ಪಾಲ್ ಅವರನ್ನು ಅಂಡಮಾನ್‌ಗೆ ಸಾಗಿಸಲಾಯಿತು. ಅಲ್ಲಿ ಬುದ್ಧಿ ಕಲಕಿ, 1924ರಲ್ಲಿ ಬಹರಂಪುರದ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮತ್ತೆ ಬಂದೂಕು ಹುಡುಕಿಕೊಂಡು ವಿದೇಶಕ್ಕೆ ಹೋಗಿದ್ದ ಎಂ.ಎನ್. ರಾಯ್ ಭಾರತದ ನೆಲ ಮೆಟ್ಟಿದ್ದು 1930ರಲ್ಲಿ. ಅಷ್ಟರಲ್ಲಿ ಅವರು ಮೆಕ್ಸಿಕೋದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿ ಬಂದಿದ್ದರು. ಕೋಲ್ಕತಾದ ದಕ್ಷಿಣ ಭಾಗದಲ್ಲಿ ಇಂದು ಬಾಘಾ ಜತಿನ್ ಹೆಸರಿನ ಬಡಾವಣೆ, ರೈಲು ನಿಲ್ದಾಣ ಇವೆ. 2023ರಲ್ಲಿ ನಟ ದೇವ್ ಅವರ ಬಂಗಾಳಿ ಸಿನಿಮಾ ಕೂಡ ಬಂತು.

ಇನ್ನು ಆ ಪಿಸ್ತೂಲುಗಳ ಲೆಕ್ಕ. ರೌಲಟ್ ಸಮಿತಿ ವರದಿ ಬರೆಯುವ ಹೊತ್ತಿಗೆ ಬಂಗಾಳದ ಬೇರೆ ಬೇರೆ ಕಡೆ ಪೊಲೀಸರ ಕೈಗೆ ಸಿಕ್ಕಿದ್ದು 31. ಆಗ ಬಾಕಿ ಉಳಿದದ್ದು 19. ಕೆರೆಗೆ ಎಸೆದದ್ದು, ಹೊಲದಲ್ಲಿ ಹೂತದ್ದು, ಕೈಯಿಂದ ಕೈಗೆ ದಾಟಿ ದೂರ ಹೋದದ್ದು ಎಲ್ಲವೂ ಅದರಲ್ಲಿ ಸೇರಿರಬಹುದು. ಹಳೆಯ ಮೌಸರ್ ಒಂದು ಎಲ್ಲಾದರೂ ಹೊರಬಂದರೆ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಠಾಣೆಗೆ ಕೊಡುವಾಗ ರಸೀದಿಯಲ್ಲಿ ಆ ನಂಬರನ್ನು ಪೂರ್ತಿ ಬರೆಸಿಕೊಳ್ಳಿ.